ತಗಡು ಬಡಿಯುವವನು ಸುಮ್ಮನೆ ಕೂತದ್ದು

ಕೆಂಡನಿಗೆ ತನ್ನ ಹೆಂಡತಿಯ ಅಪ್ಪನ ಮೇಲೆ ಒಂದು ಸಿಟ್ಟಿದೆ. ಅದನ್ನು ಅವನು ಇವತ್ತಿಗೂ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ. ಗ್ಯಾರೇಜಿಗೆ ಸೇರಿದ ಹೊಸದರಲ್ಲಿ, ಮೀಸೆ ಇನ್ನೂ ಸರಿಯಾಗಿ ಮೂಡದ ಕಾಲದಲ್ಲಿ, ಅವನು ಕಿವಿಗೆ ಹತ್ತಿ ತುರುಕಿಕೊಂಡು ಒಂದು ವ್ಯಾನಿನ ಬಾಗಿಲು ಬಡಿಯುತ್ತಿದ್ದ. ಆಗಿನ್ನೂ ಮಾವನಾಗಿರದ ಮೇಸ್ತ್ರಿ ಹಿಂದಿನಿಂದ ಬಂದು, ಎರಡು ಬೆರಳಲ್ಲಿ ಆ ಹತ್ತಿಯನ್ನು ಕಿತ್ತು, ಎಲ್ಲರೂ ನೋಡುತ್ತಿದ್ದಂತೆ ಎಣ್ಣೆ ಚೆಲ್ಲಿದ ನೆಲಕ್ಕೆ ಎಸೆದ.

"ಕಿವಿ ಮುಚ್ಕೊಂಡು ಟಿಂಕರಿಂಗ್ ಕಲಿಯೋಕೆ ಬಂದಿದೀಯೇನೋ? ತಗಡು ಏನು ಹೇಳುತ್ತೆ ಅಂತ ಕೇಳಿಸ್ಕೋಬೇಕು. ಹತ್ತಿ ಬೇಕಿದ್ರೆ ಹಾಸಿಗೆ ಹೊಲಿಯೋ ಅಂಗಡಿಗೆ ಹೋಗು."

ಎಲ್ಲರೂ ನಕ್ಕರು. ಗ್ಯಾರೇಜಿನ ಪೇಂಟರ್ ಎಲ್ಲರಿಗಿಂತ ಜೋರಾಗಿ ನಕ್ಕ.

ಮೇಸ್ತ್ರಿಯ ಮಾತು ಸುಳ್ಳಲ್ಲ. ಗಾಡಿಯ ತಗಡು ಎಲ್ಲಾದರೂ ಗುದ್ದಿಸಿಕೊಂಡು ಒಳಗೆ ಹೋದರೆ, ಅದರ ಹಿಂದೆ ಎಡಗೈಯಲ್ಲಿ ಒಂದು ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು ಮುಂದಿನಿಂದ ಸುತ್ತಿಗೆಯಲ್ಲಿ ಬಡಿಯಬೇಕು. ತಗಡು ಎರಡರ ನಡುವೆ ಸರಿಯಾಗಿ ಸಿಕ್ಕಿದರೆ ಟಣ್ ಅನ್ನುತ್ತದೆ, ಜಾಗ ತಪ್ಪಿದರೆ ದಬ್ ಅನ್ನುತ್ತದೆ. ಹಿಂದಿರುವ ಕೈ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಕಿವಿಯೇ ಗತಿ. ಆದರೆ ಮಾತು ನಿಜವಾದ ಮಾತ್ರಕ್ಕೆ ಕಿವಿ ಉಳಿಯುತ್ತದೆಯೇ? ತಲೆ ನರೆಯುವ ಹೊತ್ತಿಗೆ ಕೆಂಡನ ಎರಡೂ ಕಿವಿಗಳಲ್ಲಿ ಒಂದು ಸೀಟಿ ಬಂದು ಕೂತಿತು. ಕುಕ್ಕರ್ ಕೂಗುವುದಕ್ಕೆ ಮುಂಚೆ ಸುಯ್ ಅನ್ನುತ್ತದಲ್ಲ, ಹಾಗೆ. ಮನೆಯ ಕುಕ್ಕರನ್ನಾದರೆ ಒಲೆಯಿಂದ ಇಳಿಸಬಹುದು. ಇದನ್ನು ಇಳಿಸುವುದು ಹೇಗೆ?

ಮೇಸ್ತ್ರಿ ಅಷ್ಟರಲ್ಲಿ ಮಾವನಾಗಿದ್ದ. ಹುಡುಗನ ಕೈ ಚೆನ್ನಾಗಿದೆ ಅಂತ ಮಗಳನ್ನು ಕೊಟ್ಟಿದ್ದ. ಅತ್ತೆ ತೀರಿಕೊಂಡ ಮೇಲೆ ಮಗಳ ಮನೆಗೇ ಬಂದಿದ್ದ. ಬಂದವನಿಗೆ ನೆನಪು ಒಂದೊಂದಾಗಿ ಕಳಚಿಕೊಂಡು ಹೋಯಿತು. ಕೆಂಡನ ನಿಜವಾದ ಸಂಕಟ ಇದು. ಇಷ್ಟು ವರ್ಷ ಒಳಗೇ ಬೇಯಿಸಿಟ್ಟುಕೊಂಡಿದ್ದ ಜಗಳ ಬಾಯಿಗೆ ಬರುವ ಹೊತ್ತಿಗೆ ಎದುರಾಳಿಯೇ ನಾಪತ್ತೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟ: "ಮಾವ, ಅವತ್ತು ನನ್ನ ಕಿವಿಯಿಂದ ಹತ್ತಿ ಕಿತ್ತಿರಲ್ಲ, ನೆನಪಿದೆಯಾ?"

ಮುದುಕ ತುಂಬ ಹೊತ್ತು ಅವನ ಮುಖ ನೋಡಿ, "ಹತ್ತಿ ವ್ಯಾಪಾರಾನಾ ನಿಂದು?" ಅಂದ.

ಕೆಂಡ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಗ್ಯಾರೇಜಿನವರು ಇಟ್ಟದ್ದು. ಯಾಕೆ ಇಟ್ಟರು ಅಂತ ಯಾರೂ ಕೇಳುವುದಿಲ್ಲ, ಒಂದು ಸಲ ಅವನ ಜೊತೆ ಮಾತಾಡಿದರೆ ಸಾಕು. ಮೂಗಿನ ತುದಿಯಲ್ಲಿದ್ದ ಕೋಪ ಕಿವಿಗೆ ಸೀಟಿ ಬಂದ ಮೇಲೆ ಮೈಯೆಲ್ಲ ಹಬ್ಬಿತು. ರಾತ್ರಿ ನಿದ್ದೆಯಿಲ್ಲ, ಹಗಲು ತಲೆ ಓಡುವುದಿಲ್ಲ. ಅದರ ಮೇಲೆ ಮುದುಕನ ಪ್ರಶ್ನೆ.

"ಗಾಡಿ ರೆಡಿ ಆಯ್ತೇನೋ?"

ಬೆಳಗ್ಗೆ ಹಲ್ಲುಜ್ಜುವ ಮೊದಲೇ ಶುರು. ಆಯ್ತು ಅಂದರೆ ನೋಡಬೇಕು ಅಂತ ಎದ್ದು ಬಾಗಿಲ ಕಡೆ ಹೊರಡುತ್ತಾನೆ. ಇಲ್ಲ ಅಂದರೆ, ಗಾಡಿ ಬಿಟ್ಟ ಪಾರ್ಟಿ ಬಂದು ನಿಂತಿದಾನೆ, ಏನು ಮಾಡ್ತಾ ಇದ್ದೆ ಇಷ್ಟು ಹೊತ್ತು ಅಂತ ಬೈಗುಳ. ಸುಮ್ಮನಿದ್ದರೆ ಮತ್ತೆ ಅದೇ ಪ್ರಶ್ನೆ, ಹೊಸದಾಗಿ ಈಗ ತಾನೇ ಹೊಳೆದ ಹಾಗೆ. ಹೆಂಡತಿ ಒಲೆಯ ಮುಂದೆ ನಿಂತು ಪ್ರತಿ ಸಲವೂ ಅದೇ ದನಿಯಲ್ಲಿ, "ಆಗ್ತಾ ಇದೆ ಅಪ್ಪಾ" ಅನ್ನುತ್ತಿದ್ದಳು. ಕೆಂಡನಿಗೆ ಅದು ಆಗುತ್ತಿರಲಿಲ್ಲ. ಗ್ಯಾರೇಜಿನ ಶೆಡ್ಡಿನಲ್ಲಿ ಅವನ ಹರೆಯವನ್ನೆಲ್ಲ ಚಾಟಿ ಹಿಡಿದು ಓಡಿಸಿದ ಪ್ರಶ್ನೆ ಅದು. ಮನೆಗೂ ಬಂದು ಮಂಚ ಹಾಕಿಕೊಂಡು ಕೂತಿದೆ ಅಂದರೆ ಯಾವ ನ್ಯಾಯ?

ಒಂದು ದಿನ ಗ್ಯಾರೇಜಿನಲ್ಲಿ ಅವನು ಒಂದು ಬಾನೆಟ್ಟನ್ನು ಹಾಳು ಮಾಡಿದ. ನಿದ್ದೆಗೆಟ್ಟ ಸಿಟ್ಟಿನಲ್ಲಿ ಹೊಡೆತ ಜಾಸ್ತಿಯಾಯಿತು. ತಗಡಿಗೆ ಹೊಡೆತ ಜಾಸ್ತಿಯಾದರೆ ಅದು ಹಿಗ್ಗುತ್ತದೆ. ಹಿಗ್ಗಿದ ತಗಡು ಕುಳಿತಲ್ಲಿ ಕೂರುವುದಿಲ್ಲ, ಇಲ್ಲಿ ಒತ್ತಿದರೆ ಅಲ್ಲಿ ಡಬಕ್ಕನೆ ಉಬ್ಬುತ್ತದೆ. ಪೇಂಟರ್ ಬಂದು ಬೆರಳಲ್ಲಿ ಒಂದು ಸಲ ಒತ್ತಿದ. ಡಬ್. ಇನ್ನೊಂದು ಸಲ ಒತ್ತಿದ. ಡಬ್.

"ಕೆಂಡಣ್ಣ, ಬಾನೆಟ್ ಮಾಡು ಅಂದ್ರೆ ಡೋಲು ಮಾಡಿದೀಯಲ್ಲೋ. ಬಣ್ಣ ಹೊಡೀಲೋ, ಬಾರಿಸ್ಲೋ?"

ಸಂಜೆ ಮನೆಗೆ ಬಂದು ತಟ್ಟೆಯ ಮುಂದೆ ಕೂತಾಗ ಕಿವಿಯಲ್ಲಿ ಸೀಟಿ ತಾರಕಕ್ಕೇರಿತ್ತು. "ಗಾಡಿ ರೆಡಿ ಆಯ್ತೇನೋ?" ಅಂತ ಮಂಚದಿಂದ ಬಂತು. ಕೆಂಡ ಅನ್ನ ಕಲಸಿದ. ಮತ್ತೆ ಬಂತು. ಮೂರನೆಯದು ಬರುವ ಮೊದಲೇ ತಟ್ಟೆ ಹೋಗಿ ಗೋಡೆಗೆ ಬಡಿದು, ಅನ್ನವೆಲ್ಲ ಕ್ಯಾಲೆಂಡರಿನ ಮೇಲೆ ಹರಡಿತು. ಸದ್ದಿಗೆ ಮುದುಕ ಎರಡೂ ಅಂಗೈಯಿಂದ ಕಿವಿ ಮುಚ್ಚಿಕೊಂಡು ಮಂಡಿಗೆ ತಲೆ ಹಚ್ಚಿ ಮುದುಡಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕರಗಿಹೋಗುತ್ತಿದ್ದರು. ಕೆಂಡನಿಗೆ ಅದನ್ನು ನೋಡಿ ಇನ್ನೂ ಉರಿದುಹೋಯಿತು.

"ಈಗ ಮುಚ್ಕೊಳ್ತೀಯಾ ಕಿವಿ?" ಅಂದ. ಅನ್ನುತ್ತಾ ಎದ್ದಿದ್ದ. ಎದ್ದವನ ಕೈಯೂ ಎದ್ದಿತ್ತು.

ಹೆಂಡತಿ ನಡುವೆ ಬಂದು ಅವನ ಮಣಿಕಟ್ಟು ಹಿಡಿದಳು. ಕೂಗಾಡಲಿಲ್ಲ.

"ತಟ್ಟೆ ಗೋಡೆಗೆ ಬಿತ್ತು. ಗೋಡೆ ತಡ್ಕೊಂಡಿತು. ಈ ಕೈ ಅಪ್ಪನ ಮೇಲೆ ಬಿದ್ರೆ ಅವತ್ತೇ ಅವರನ್ನ ವೃದ್ಧಾಶ್ರಮಕ್ಕೆ ಸೇರಿಸ್ತೀನಿ. ಆಮೇಲೆ ನಾನೂ ಈ ಮನೇಲಿರಲ್ಲ. ಏನು ಮಾಡ್ತೀರೋ ನೋಡಿ."

ಅವಳು ಸುಮ್ಮನೆ ಹೇಳುವವಳಲ್ಲ ಅನ್ನುವುದು ಕೆಂಡನಿಗೆ ಗೊತ್ತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ ಅನ್ನುವುದೂ ಗೊತ್ತು. ಅದಕ್ಕೇ ಇನ್ನಷ್ಟು ಸಿಟ್ಟು.

ಸರ್ಕಾರಿ ಆಸ್ಪತ್ರೆಯ ಕಿವಿ ಡಾಕ್ಟರು ಒಂದು ಕೊಳವೆ ಇಟ್ಟು ನೋಡಿ, ಇನ್ನೊಂದು ಕಿವಿಗೂ ಅದೇ ಕೊಳವೆ ಇಟ್ಟು ನೋಡಿ, ಕೈ ತೊಳೆಯುತ್ತಾ ಹೇಳಿದರು: "ಒಳಗಿನ ನರ ಸವೆದಿದೆ. ಇದಕ್ಕೆ ಔಷಧಿ ಇಲ್ಲಪ್ಪ. ಹೊಂದಿಕೊಂಡು ಹೋಗು."

"ಡಾಕ್ಟ್ರೇ, ನಿಮ್ಮ ಕಾರಿನ ಬಾಗಿಲು ಒಳಗೆ ಹೋಗಿದ್ರೆ, ಹೊಂದಿಕೊಂಡು ಓಡಿಸಿ ಅಂತ ನಾನು ಹೇಳಿದ್ರೆ ಹೇಗಿರುತ್ತೆ?"

"ಬಾಗಿಲು ಒಳಗೆ ಹೋಗೇ ಇದೆ ಕಣಯ್ಯ. ಹೊಂದಿಕೊಂಡೇ ಓಡಿಸ್ತಾ ಇದೀನಿ."

ನಗು ಬರುವ ಜಾಗದಲ್ಲಿ ಕೆಂಡನಿಗೆ ನಗು ಬರಲಿಲ್ಲ. ಹೊಂದಿಕೊಂಡು ಹೋಗು ಅಂತ ಅವನಿಗೆ ಅಪ್ಪ ಹೇಳಿದ್ದ, ಮೇಸ್ತ್ರಿ ಹೇಳಿದ್ದ, ಗ್ಯಾರೇಜಿನ ಮಾಲೀಕ ಹೇಳಿದ್ದ. ಹೇಳಿದವರು ಯಾರೂ ತಮ್ಮ ಜಾಗದಿಂದ ಒಂದಿಂಚು ಸರಿದಿರಲಿಲ್ಲ. ಡಾಕ್ಟರು ಅವನ ಮುಖ ನೋಡಿ, ಕೆಳಗಿನ ಮಹಡಿಯಲ್ಲಿ ಶನಿವಾರ ಬೆಳಗ್ಗೆ ಒಂದು ಕ್ಲಾಸು ನಡೆಯುತ್ತದೆ, ವಾಸಿಯಾಗದ ನೋವಿನವರು ಬರುತ್ತಾರೆ, ಹೋಗಿ ಕೂತು ನೋಡು ಅಂದರು. "ಏನು ಮಾಡ್ತಾರೆ ಅಲ್ಲಿ?" ಅಂದ ಕೆಂಡ. "ಏನೂ ಮಾಡಲ್ಲ. ಅದೇ ಕಷ್ಟ."

ಮುರಿದ ಮಂಚಗಳನ್ನು ಒಂದು ಮೂಲೆಗೆ ಒಟ್ಟಿದ್ದ ಕೋಣೆ. ಕಾಲುರಿಯ ಒಬ್ಬ ಹೆಂಗಸು, ಬೆನ್ನು ಹಿಡಿದ ಒಬ್ಬ ದರ್ಜಿ, ಕಣ್ಣು ಮುಚ್ಚಿದ ಕೂಡಲೇ ಗೊರಕೆ ಹೊಡೆಯುವ ಒಬ್ಬ ನಿವೃತ್ತ ಮೇಷ್ಟ್ರು. ಕಲಿಸುವವರು ಆ ಆಸ್ಪತ್ರೆಯಲ್ಲೇ ನರ್ಸಾಗಿ ದುಡಿದು ನಿವೃತ್ತರಾದವರು. ಎಲ್ಲರೂ ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಮೊಣಕಾಲು ಬಾಗದ ಕಾರಣ ಅವರು ಕುರ್ಚಿಯಲ್ಲೇ ಕೂರುತ್ತಿದ್ದರು. ಮಂತ್ರವಿಲ್ಲ, ದೇವರಿಲ್ಲ, ಊದುಬತ್ತಿಯಿಲ್ಲ.

"ಬೆನ್ನು ನೆಟ್ಟಗಿರಲಿ. ಉಸಿರು ಬರೋದನ್ನ, ಹೋಗೋದನ್ನ ನೋಡಿ. ಮನಸ್ಸು ಓಡಿಹೋಗುತ್ತೆ. ಬೈಯಬೇಡಿ, ವಾಪಸ್ ಕರ್ಕೊಂಡು ಬನ್ನಿ."

"ಯಾರಿಗೆ ಬೈಯಬಾರದು?" ಅಂದ ಕೆಂಡ.

"ನಿಮ್ಮ ಮನಸ್ಸಿಗೆ."

"ಬೈಸ್ಕೊಳ್ಳದೆ ಅದು ಇವತ್ತಿನವರೆಗೂ ಒಂದು ಕೆಲಸ ಮಾಡಿಲ್ಲ ಸಿಸ್ಟರ್."

ಕಣ್ಣು ಮುಚ್ಚಿದ. ಕೋಣೆ ಸ್ತಬ್ಧವಾಯಿತು, ಸೀಟಿ ಎದ್ದು ನಿಂತಿತು. ಇಡೀ ಲೋಕದಲ್ಲಿ ಅದು ಬಿಟ್ಟು ಇನ್ನೇನೂ ಇಲ್ಲ ಅನ್ನುವ ಹಾಗೆ. ಕೆಂಡ ಧಡಕ್ಕನೆ ಎದ್ದ.

"ಇಲ್ಲಿ ಕೂತ್ರೆ ಜಾಸ್ತಿ ಆಗ್ತಾ ಇದೆ. ನನಗೆ ಇರೋ ಕಾಟ ಸಾಲದು ಅಂತ ಬಂದಿದೀನಾ?"

"ಸಿಟ್ಟು ಬಂತಾ?"

"ಬರದೇ ಇರುತ್ತಾ?"

"ಎಲ್ಲಿದೆ?"

"ಎಲ್ಲಿದೆ ಅಂದ್ರೆ? ನಿಮ್ಮ ಮೇಲಿದೆ."

ದರ್ಜಿ ಕಿಸಕ್ಕೆಂದ. ಸಿಸ್ಟರ್ ಬೇಸರಪಡಲಿಲ್ಲ. "ನನ್ನ ಮೇಲಿರೋದನ್ನ ಆಮೇಲೆ ನೋಡೋಣ. ನಿಮ್ಮ ಮೈಯಲ್ಲಿ ಎಲ್ಲಿದೆ, ಅದನ್ನ ಹೇಳಿ ಹೋಗಿ."

ಹೇಳಿ ಹೋಗಿಬಿಡೋಣ ಅಂತಲೇ ಕೆಂಡ ಹುಡುಕಿದ. ದವಡೆಯಲ್ಲಿತ್ತು, ಹಲ್ಲು ಹಲ್ಲು ಕಚ್ಚಿಕೊಂಡಿತ್ತು. ಭುಜದಲ್ಲಿತ್ತು. ಆಮೇಲೆ ಬಲಗೈ ಕಡೆ ನೋಡಿದ. ಬೆರಳುಗಳು ಮಡಿಚಿಕೊಂಡು, ಹೆಬ್ಬೆರಳು ಅವುಗಳ ಮೇಲೆ ಬಿಗಿದುಕೊಂಡಿತ್ತು. ಕೈಯಲ್ಲಿ ಸುತ್ತಿಗೆಯಿರಲಿಲ್ಲ, ಆದರೆ ಕೈ ಸುತ್ತಿಗೆ ಹಿಡಿದಿತ್ತು. ಬಸ್ಸಿನಲ್ಲಿ ಬರುವಾಗಲೂ ಹೀಗೇ ಇತ್ತೇ? ಊಟ ಮಾಡುವಾಗ? ಮಲಗಿದಾಗ? ಅವನಿಗೆ ಗೊತ್ತಿರಲಿಲ್ಲ. ತನ್ನ ಕೈ ತನಗೆ ಹೇಳದೆ ಇಷ್ಟು ವರ್ಷ ಏನು ಮಾಡುತ್ತಿತ್ತು ಅನ್ನುವುದು ಗೊತ್ತಿರಲಿಲ್ಲ. ಮತ್ತೆ ಕೂತ.

ಮನೆಯಲ್ಲಿ ಹಿಂದಿನ ಕೋಣೆಯಲ್ಲಿ ಗುಜರಿಗೆ ಹೋಗಬೇಕಿದ್ದ ಒಂದು ಕಾರಿನ ಸೀಟು ಇತ್ತು. ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ಅದರ ಮೇಲೆ ಕೂರತೊಡಗಿದ. ಪೇಂಟರನಿಗೆ ಹೇಗೋ ಸುದ್ದಿ ಮುಟ್ಟಿತು. "ಕೆಂಡಣ್ಣ ಬೂದಿಯಾಗ್ತಾನಂತೆ" ಅಂತ ಗ್ಯಾರೇಜಿನಲ್ಲೆಲ್ಲ ಸಾರಿದ.

"ಬೂದಿ ಆಗೋಕಲ್ಲ ಕಣೋ ಕೂರೋದು. ಯಾರನ್ನ ಸುಡಬೇಕು ಅಂತ ನೋಡ್ಕೊಳ್ಳೋಕೆ. ಮೊದಲನೇ ಹೆಸರು ನಿಂದೇ ಬಂತು."

ಆದರೆ ಕೂತು ಕೂತು ಏನೂ ಆಗಲಿಲ್ಲ. ಆಗದೇ ಇದ್ದದ್ದು ಅವನದೇ ತಪ್ಪಿನಿಂದ, ಟಿಂಕರನೊಬ್ಬ ಮಾತ್ರ ಮಾಡಬಲ್ಲಂಥ ತಪ್ಪಿನಿಂದ. ಉಸಿರನ್ನು ನೋಡಿದ ಹಾಗೆ ಸೀಟಿಯನ್ನೂ ನೋಡಿ ಅಂತ ಸಿಸ್ಟರ್ ಆಮೇಲೆ ಹೇಳಿದ್ದರು. ಕೆಂಡ ತನ್ನ ಗಮನವನ್ನೆಲ್ಲ ಒಟ್ಟುಗೂಡಿಸಿ, ಉಸಿರು ಬಿಗಿಹಿಡಿದು, ಸೀಟಿಯ ನಟ್ಟನಡುವಿಗೆ ಬಡಿಯುತ್ತಿದ್ದ. ಹೋಗು, ಹೋಗು, ಹೋಗು ಅಂತ. ಹೊಡೆದಷ್ಟೂ ಅದು ಹಿಗ್ಗಿತು. ಒಂದು ಕಿವಿಯಲ್ಲಿ ಒತ್ತಿದರೆ ಇನ್ನೊಂದು ಕಿವಿಯಲ್ಲಿ ಉಬ್ಬಿತು.

ಒಂದು ದಿನ ಗ್ಯಾರೇಜಿನಲ್ಲಿ ಗುದ್ದಿಸಿಕೊಂಡ ಒಂದು ಬಾಗಿಲು ಮುಂದಿತ್ತು. ಎಂದಿನಂತೆ ಸುತ್ತಿಗೆ ಮುಟ್ಟುವ ಮೊದಲು ಕಣ್ಣು ಮುಚ್ಚಿ ಅಂಗೈ ಆಡಿಸಿದ. ಗುಂಡಿ ಎಲ್ಲಿ ಶುರುವಾಗುತ್ತದೆ, ಅಂಚು ಎಲ್ಲಿ ಗಟ್ಟಿಯಾಗಿ ಮಡಿಚಿಕೊಂಡಿದೆ, ಎಲ್ಲಿ ತಗಡು ಇನ್ನೂ ತನ್ನ ಹಳೆಯ ಆಕಾರದಲ್ಲೇ ಇದೆ. ಹೊಸಬರು ಗುಂಡಿಯ ನಡುವಿಗೇ ಹೊಡೆಯುತ್ತಾರೆ, ಅಲ್ಲೇ ತಗಡು ಹಾಳಾಗುವುದು. ಅಂಚಿನಿಂದ ಸಡಿಲಿಸುತ್ತಾ ಬರಬೇಕು. ಅಂಗೈ ಬಾಗಿಲ ಮೇಲೆ ಇದ್ದ ಹಾಗೇ ಕೆಂಡ ನಿಂತುಬಿಟ್ಟ. ತಾನು ದಿನಾ ಬೆಳಗ್ಗೆ ಕಾರಿನ ಸೀಟಿನ ಮೇಲೆ ಕೂತು ಹೊಸಬನ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತು.

ಮಾರನೆಯ ಬೆಳಗ್ಗೆ ಸೀಟಿಯ ತಂಟೆಗೆ ಹೋಗಲಿಲ್ಲ. ದೂರದಿಂದ ಬಂದ. ಪಕ್ಕದ ಮನೆಯ ಬಕೆಟ್ಟಿಗೆ ನೀರು ಬೀಳುತ್ತಿತ್ತು, ಅದನ್ನು ಕೇಳಿದ. ಬೀದಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ತನ್ನ ಉಸಿರು ಮೂಗಿನ ಹೊಳ್ಳೆಗೆ ತಣ್ಣಗೆ ತಗಲುತ್ತಿತ್ತು. ಇವೆಲ್ಲ ಎಲ್ಲಿ ಮುಗಿಯುತ್ತವೆ, ಸೀಟಿ ಎಲ್ಲಿ ಶುರುವಾಗುತ್ತದೆ ಅಂತ ಅಂಚಿನಲ್ಲೇ ಅಂಗೈ ಆಡಿಸಿದ. ಸೀಟಿ ಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಹೋಯಿತು ಅಂತ ಯಾರಾದರೂ ಹೇಳಿದರೆ ಅವರು ಏನನ್ನೋ ಮಾರಲು ಬಂದವರು. ಸೀಟಿ ಅಲ್ಲೇ ಇತ್ತು. ಆದರೆ ಮನೆ ಅದರೊಳಗೆ ಇರಲಿಲ್ಲ, ಅದು ಮನೆಯೊಳಗೆ ಒಂದು ಮೂಲೆಯಲ್ಲಿತ್ತು.

ಒಂದು ಶನಿವಾರ ಸಿಸ್ಟರ್ ಹೊಸ ಪಾಠ ತೆಗೆದರು. "ನಿಮಗೆ ನೋವು ಕೊಟ್ಟವರೊಬ್ಬರನ್ನ ನೆನಪು ಮಾಡ್ಕೊಳ್ಳಿ. ಮನಸ್ಸಿನಲ್ಲೇ ಅವರಿಗೆ, ನೀನು ಚೆನ್ನಾಗಿರು ಅನ್ನಿ."

ಕೆಂಡ ಕಣ್ಣು ತೆರೆದ. "ಅನ್ನಲ್ಲ."

"ಯಾಕೆ?"

"ಸುಳ್ಳಾಗುತ್ತೆ. ಆ ಮನುಷ್ಯ ನನ್ನ ಕಿವಿ ತಿಂದಿದಾನೆ. ಈಗ ಅದೂ ಮರೆತು ಹಾಯಾಗಿ ಕೂತಿದಾನೆ. ನಾನು ಚೆನ್ನಾಗಿರು ಅಂತ ಬೇರೆ ಅನ್ನಬೇಕಾ?"

"ಅನ್ನಬೇಡಿ ಹಾಗಾದ್ರೆ. ಅವರು ಹಾಯಾಗಿದಾರೆ ಅಂತ ಹೇಳಿದ್ರಲ್ಲ, ನೋಡಿದೀರಾ?"

"ದಿನಾ ನೋಡ್ತೀನಲ್ಲ."

"ನಿಮ್ಮ ಸೀಟಿಯನ್ನೂ ದಿನಾ ಕೇಳ್ತಾ ಇದ್ರಿ," ಅಂದರು ಸಿಸ್ಟರ್. ಆಮೇಲೆ ಗೊರಕೆ ಹೊಡೆಯುತ್ತಿದ್ದ ಮೇಷ್ಟ್ರನ್ನು ಎಬ್ಬಿಸಲು ಹೋದರು.

ಆ ಮಾತು ಮುಳ್ಳಿನ ಹಾಗೆ ಕಾಲಿಗೆ ಚುಚ್ಚಿಕೊಂಡು ಮನೆಯವರೆಗೂ ಬಂತು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲೇ, "ಗಾಡಿ ರೆಡಿ ಆಯ್ತೇನೋ?" ಕೆಂಡನ ದವಡೆ ಬಿಗಿಯಿತು. ಬಿಗಿಯಿತು ಅಂತ ಗೊತ್ತಾಯಿತು. ನೋಡಿಯೇಬಿಡೋಣ ಅಂತ ಮಂಚದ ಮುಂದೆ ಸ್ಟೂಲು ಎಳೆದುಕೊಂಡು ಕೂತ. ಶೆಡ್ಡಿನ ಮೇಸ್ತ್ರಿಯ ಕಣ್ಣನ್ನು ಹುಡುಕಿದ. ಆ ಕಣ್ಣು ಅಲ್ಲಿರಲಿಲ್ಲ. ಇದ್ದ ಕಣ್ಣು ಕೆಂಡನನ್ನು ಬಿಟ್ಟು ಬಾಗಿಲ ಕಡೆ ಹೋಗುತ್ತಿತ್ತು, ಬರುತ್ತಿತ್ತು, ಮತ್ತೆ ಹೋಗುತ್ತಿತ್ತು.

"ಯಾರು ಬರ್ತಾರೆ ಮಾವ?"

"ಪಾರ್ಟಿ."

"ಬಂದ್ರೆ ಏನು ಮಾಡ್ತಾನೆ?"

ಮುದುಕ ದನಿ ತಗ್ಗಿಸಿದ. "ಎಲ್ಲರ ಮುಂದೆ ಬೈತಾನೆ."

ಇಡೀ ಶೆಡ್ಡನ್ನು ನಡುಗಿಸಿದವನು ಒಳಗೊಳಗೇ ಇನ್ಯಾರಿಗೋ ನಡುಗುತ್ತಿದ್ದ ಅನ್ನುವುದು ಅವನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಹಾಗಂತ ಅವನ ಕಣ್ಣಲ್ಲಿ ನೀರೇನೂ ಬರಲಿಲ್ಲ. ಹೆದರಿದವನು ಇನ್ನೊಬ್ಬನ ಕಿವಿ ಹಾಳು ಮಾಡಬಹುದು ಅಂತ ಎಲ್ಲಿ ಬರೆದಿದೆ? ಆದರೂ ಹೆದರಿದವನಿಗೆ ಒಂದು ಮಾತು ಹೇಳಲೇಬೇಕಿತ್ತು.

"ಬರ್ಲಿ ಬಿಡಿ. ನಾನು ಮಾತಾಡ್ತೀನಿ. ಅವನು ಬೈದ್ರೆ ನಾನೂ ಬೈತೀನಿ. ಬೈಗುಳ ನನ್ನ ಹತ್ರ ಜಾಸ್ತಿ ಇದೆ."

"ನೀನ್ಯಾರು?"

"ನಿಮ್ಮ ಟಿಂಕರ್."

"ಕೆಲಸ ಬರುತ್ತಾ?"

"ಪರವಾಗಿಲ್ಲ ಅಂತಾರೆ."

ಮುದುಕ ಅವನನ್ನು ಮೇಲಿಂದ ಕೆಳಗೆ ನೋಡಿ, "ನೋಡೋಣ" ಅಂದ. ಬಾಗಿಲ ಕಡೆ ಹೋಗುತ್ತಿದ್ದ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಅದೇ ಪ್ರಶ್ನೆ.

ಅವತ್ತಿನಿಂದ ಮನೆ ನಂದನವನವಾಯಿತು ಅಂತ ಯಾರೂ ತಿಳಿಯಬೇಕಿಲ್ಲ. ಎಷ್ಟೋ ಸಲ ಕೆಂಡ ಉತ್ತರ ಕೊಡಲಾರದೆ ಚಪ್ಪಲಿ ಮೆಟ್ಟಿ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದ. ಒಂದು ಸಲ ಚಪ್ಪಲಿ ಮರೆತು ಬರಿಗಾಲಲ್ಲೇ ಹೋದ. ಆದರೆ ಕೈ ಏಳಲಿಲ್ಲ. ಏಳುವ ಮೊದಲೇ ಅದು ಸುತ್ತಿಗೆ ಹಿಡಿದುಕೊಳ್ಳುವುದು ಅವನಿಗೆ ಗೊತ್ತಾಗುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಹೆಂಡತಿಯ ತಮ್ಮ ಬಂದ. ಅವನು ಇನ್ಶೂರೆನ್ಸ್ ಸರ್ವೇಯರ್. ಅಪಘಾತವಾದ ಗಾಡಿಗಳನ್ನು ನೋಡಿ ಎಷ್ಟು ಹಾಳಾಗಿದೆ ಅಂತ ಬರೆದುಕೊಡುವ ಕೆಲಸ. ಕೆಟ್ಟವನಲ್ಲ, ಆದರೆ ಯಾವ ಮನೆಗೆ ಹೋದರೂ ಮೊದಲು ಒಡೆದದ್ದು ಎಲ್ಲಿ ಅಂತ ನೋಡುವ ಕಣ್ಣು. ಬಂದವನೇ ಕೂರದೆ, ಕಾರಿನ ಕೀ ಬೆರಳಲ್ಲಿ ತಿರುಗಿಸುತ್ತಾ ಹೇಳಿದ:

"ಅಕ್ಕಾ, ಆಶ್ರಮದಲ್ಲಿ ಒಂದು ಮಂಚ ಖಾಲಿಯಾಗಿದೆ. ಇವತ್ತು ಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತಾರೆ. ಅಪ್ಪನ ಬಟ್ಟೆ ಕಟ್ಟು."

ಕೆಂಡ ಹೆಂಡತಿಯ ಕಡೆ ತಿರುಗಿದ. ಅವಳು ಕಣ್ಣು ತಗ್ಗಿಸಲಿಲ್ಲ. "ಹೌದು, ನಾನೇ ಹೇಳಿದ್ದೆ. ತಟ್ಟೆ ಎಸೆದ್ರಲ್ಲ, ಮಾರನೇ ದಿನ."

"ಈಗಲೂ ಹಾಗೇ ಹೇಳ್ತೀಯಾ?"

ಅವಳು ಉತ್ತರ ಕೊಡುವ ಮೊದಲು ಭಾವಮೈದ ಬಾಯಿ ಹಾಕಿದ. "ಭಾವ, ತಪ್ಪು ತಿಳ್ಕೋಬೇಡಿ. ದಿನಾ ಕಣ್ಣು ಮುಚ್ಚಿ ಕೂರ್ತೀರಂತೆ, ಸಂತೋಷ. ಆದ್ರೆ ನನ್ನ ಕೆಲಸಾನೇ ಇದು. 'ಎಲ್ಲಾ ಸರಿ ಮಾಡಿಸಿದೀವಿ ಸಾರ್' ಅಂತ ಹೊಳೆಯೋ ಗಾಡಿ ತಂದು ನಿಲ್ಲಿಸ್ತಾರೆ. ಬೆರಳಲ್ಲಿ ತಟ್ಟಿದ್ರೆ ಒಳಗೆಲ್ಲ ಪುಟ್ಟಿ."

ಟಿಂಕರನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಗುಂಡಿಯನ್ನು ಎತ್ತಲು ಬಾರದವನು ಅದಕ್ಕೆ ಪುಟ್ಟಿ ಮೆತ್ತಿ ಮುಚ್ಚುತ್ತಾನೆ. ಕೆಂಡನ ಮೈ ಬುಡದಿಂದ ಹತ್ತಿಕೊಂಡಿತು. ಹೊಟ್ಟೆಯಿಂದ ಎದ್ದದ್ದು ಎದೆಗೆ ಬಂತು, ಗಂಟಲಿಗೆ ಬಂತು. ಅವನು ಅದನ್ನು ಬರಲು ಬಿಟ್ಟ.

"ಪುಟ್ಟಿ ಇಲ್ಲ ಕಣಯ್ಯ. ಗುಂಡಿ ಗುಂಡಿಯಾಗೇ ಇದೆ, ಬಾ, ಕೈ ಆಡಿಸಿ ನೋಡು. ಕೋಪ ಹೋಗಿದೆ ಅಂತ ನಾನು ಯಾವಾಗ ಹೇಳಿದೆ? ಇಲ್ಲೇ ಗಂಟಲಲ್ಲಿ ಕೂತಿದೆ, ನಿನ್ನನ್ನೇ ನೋಡ್ತಾ ಇದೆ. ನಾನು ಅದನ್ನ ನೋಡ್ತಾ ಇದೀನಿ. ಅದಕ್ಕೇ ನೀನಿನ್ನೂ ನಿಂತಿದೀಯ."

"ಅಪ್ಪನ್ನ ಕ್ಷಮಿಸಿಬಿಟ್ರಾ ಹಾಗಾದ್ರೆ?"

"ಇಲ್ಲ. ಕ್ಷಮಿಸೋದೂ ಇಲ್ಲ. ನನ್ನ ಕಿವಿಯ ಜಗಳ ನನ್ನದು, ಅವರಿಗೆ ನೆನಪಿಲ್ಲದಿದ್ರೆ ಇಬ್ಬರ ಪಾಲಿಂದೂ ನಾನೇ ನೆನಪಿಟ್ಕೊಳ್ತೀನಿ. ಆದ್ರೆ ಹೆದರ್ಕೊಂಡು ಕೂತಿರೋ ಮನುಷ್ಯನ್ನ ಗುರುತಿಲ್ಲದ ಜಾಗಕ್ಕೆ ಎತ್ತಿ ಹಾಕೋಕೆ ಬಿಡಲ್ಲ. ಎರಡಕ್ಕೂ ಸಂಬಂಧ ಇಲ್ಲ."

ಅಷ್ಟರಲ್ಲಿ ಮಂಚದಿಂದ ಬಂತು: "ಗಾಡಿ ರೆಡಿ ಆಯ್ತೇನೋ?"

ಭಾವಮೈದನಿಗೆ ದಾರಿ ಸಿಕ್ಕಿತು. ತಟ್ಟನೆ ಬಾಗಿ ಅಪ್ಪನ ತೋಳು ಹಿಡಿದ. "ಆಯ್ತು ಅಪ್ಪಾ. ಹೊರಗೆ ನಿಂತಿದೆ. ಬಾ, ಹೋಗಿ ನೋಡೋಣ."

ಮುದುಕನ ಮುಖ ಅರಳಿತು. ಎಷ್ಟೋ ಕಾಲದಿಂದ ಕಾದಿದ್ದ ಉತ್ತರ. ಎದ್ದ, ಹೆಜ್ಜೆ ಹಾಕಿದ. ಕೆಂಡ ಹೋಗಿ ಬಾಗಿಲಿಗೆ ಅಡ್ಡ ನಿಂತ.

"ಇಲ್ಲ ಮಾವ. ಗಾಡಿ ರೆಡಿ ಆಗಿಲ್ಲ. ಬನ್ನಿ, ಕೂತ್ಕೊಳ್ಳಿ."

ಮುದುಕನ ಮೈಯಲ್ಲಿ ಹಳೆಯ ಮೇಸ್ತ್ರಿ ಒಂದು ಕ್ಷಣ ಎದ್ದು ನಿಂತ. "ಸೋಮಾರಿ ನನ್ಮಗನೇ" ಅಂದವನೇ ಕೈ ಬೀಸಿ ಕೆಂಡನ ಕೆನ್ನೆಗೆ ಬಾರಿಸಿದ. ಪೆಟ್ಟು ಕಿವಿಯ ಮೇಲೇ ಬಿತ್ತು. ತಲೆಯೊಳಗೆ ಎಲ್ಲ ಸೀಟಿಗಳೂ ಒಟ್ಟಿಗೆ ಕೂಗಿದವು.

ಹೆಂಡತಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಕೆಂಡನ ಬಲಗೈ ಬೆರಳುಗಳು ಮಡಿಚಿಕೊಂಡವು, ಹೆಬ್ಬೆರಳು ಬಿಗಿಯಿತು, ಕೈ ಸೊಂಟದವರೆಗೆ ಎದ್ದಿತು. ಅವನು ಅದನ್ನು ನೋಡಿದ. ಇನ್ನೊಬ್ಬರ ಕೈ ನೋಡುವ ಹಾಗೆ ನೋಡಿದ. ಒಂದು ಉಸಿರು ಒಳಗೆ ಹೋಯಿತು, ಅದೇ ಉಸಿರು ಹೊರಗೆ ಬಂತು. ಎದುರಿನ ಮುಖದಲ್ಲಿ ಮೇಸ್ತ್ರಿ ಆಗಲೇ ಇಳಿದುಹೋಗಿದ್ದ. ಉಳಿದಿದ್ದದ್ದು ತಾನು ಯಾರಿಗೆ ಹೊಡೆದೆ ಅಂತ ಗೊತ್ತಿಲ್ಲದೆ, ಈಗ ತನಗೇನು ಕಾದಿದೆಯೋ ಅಂತ ಹೆದರಿದ ಒಬ್ಬ ಮುದುಕ. ಕೆಂಡನ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಆ ಕೈ ಹೋಗಿ ಮುದುಕನ ಮೊಣಕೈ ಹಿಡಿಯಿತು.

"ಹೊಡೀರಿ, ಪರವಾಗಿಲ್ಲ. ಕೂತ್ಕೊಂಡು ಹೊಡೀರಿ. ನಿಂತ್ರೆ ನಿಮ್ಮ ಕಾಲು ನೋಯುತ್ತೆ."

ಮಂಚದ ಮೇಲೆ ಕೂರಿಸಿದ. ಗಂಟಲು ಇನ್ನೂ ಉರಿಯುತ್ತಲೇ ಇತ್ತು. ಕಿವಿ ಕೆಂಪಗಾಗಿತ್ತು.

ಭಾವಮೈದ ಕೀ ತಿರುಗಿಸುವುದನ್ನು ನಿಲ್ಲಿಸಿದ್ದ. ಅಕ್ಕನ ಕಡೆ ತಿರುಗಿ, "ನೀನು ಹೇಳಕ್ಕಾ" ಅಂದ.

"ಆ ಮಂಚ ಬೇರೆಯವರಿಗೆ ಕೊಡೋಕೆ ಹೇಳು," ಅಂದಳು ಅವಳು. "ಟೀ ಕುಡಿದು ಹೋಗು."

ಅವನು ಟೀ ಕುಡಿದ. ಹೋಗುವಾಗ ಕೆಂಡನ ಭುಜ ತಟ್ಟಿದ.

ಕಾರು ಬೀದಿ ದಾಟಿದ ಮೇಲೆ ಕೆಂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಗೆದ್ದವನ ನಿಲುವು. ಹೆಂಡತಿ ಲೋಟ ತೊಳೆಯುತ್ತಿದ್ದಳು.

"ನೋಡಿದ್ಯಾ?" ಅಂದ.

"ನೋಡಿದೆ."

"ಏನೂ ಅನ್ನಲ್ಲವಾ?"

ಅವಳು ಲೋಟ ಬೋರಲು ಹಾಕಿದಳು. ಸೆರಗಿಗೆ ಕೈ ಒರೆಸಿಕೊಂಡು ತಿರುಗಿದಳು.

"ಚೆನ್ನಾಗಿ ಮಾಡಿದ್ರಿ. ಇಲ್ಲ ಅಂತ ನಾನು ಅನ್ನಲ್ಲ. ಆದ್ರೆ ಒಂದು ಕೇಳ್ತೀನಿ. ದಿನಾ ಬೆಳಗ್ಗೆ ನೀವು ಬಾಗಿಲು ಹಾಕ್ಕೊಂಡು ಕೂತಿರ್ತೀರಲ್ಲ, ಆ ಹೊತ್ತಲ್ಲಿ ಅಪ್ಪ ಒಂದು ಸಲವಾದ್ರೂ ಕೂಗಿದ್ದು ನಿಮಗೆ ಕೇಳಿಸಿದೆಯಾ?"

ಕೆಂಡ ಯೋಚಿಸಿದ. ಬಕೆಟ್ಟಿನ ನೀರು ಕೇಳಿಸಿತ್ತು, ಸ್ಕೂಟರು ಕೇಳಿಸಿತ್ತು. ಇದು ಕೇಳಿಸಿರಲಿಲ್ಲ. ಕೇಳಿಸಲಿಲ್ಲ ಅನ್ನುವುದೇ ಅವನಿಗೆ ಹೊಳೆದಿರಲಿಲ್ಲ.

"ಆಗ ನಾನು ಅವರನ್ನ ಬೀದೀಲಿ ಸುತ್ತಾಡಿಸ್ತಾ ಇರ್ತೀನಿ. ಮಳೆ ಬಂದ್ರೆ ಎದುರು ಅಂಗಡಿ ಶಟರ್ ಕೆಳಗೆ ನಿಂತಿರ್ತೀವಿ. ಜ್ವರ ಬಂದ ದಿನಾನೂ ಹೋಗಿದೀನಿ. ನೀವು ಸರಿಯಾಗಿ ಕೂತ್ರೆ ಮನೆ ಉಳಿಯುತ್ತೆ ಅಂತ. ಉಳೀತು. ಆದ್ರೆ ಆ ಶಾಂತಿ ಒಬ್ಬರೇ ದುಡಿದದ್ದು ಅಂತ ತಿಳ್ಕೋಬೇಡಿ."

ಕೆಂಡನ ಬಾಯಿಗೆ ಸಮಜಾಯಿಷಿ ಬಂತು, ನುಂಗಿಕೊಂಡ. ಅದು ನುಂಗುವಂಥದ್ದೇ ಆಗಿತ್ತು.

"ನಾಳೆಯಿಂದ ಅವರನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಕೂತ್ಕೋ ಆ ಸೀಟ್ ಮೇಲೆ."

"ನನಗೆ ಕಣ್ಣು ಮುಚ್ಚಿ ಕೂರೋದು ಬೇಡ."

"ಮತ್ತೇನು ಬೇಕು ಹೇಳು."

ಅವಳು ನಿಜವಾಗಿಯೂ ಯೋಚಿಸಿದಳು. ಬೋರಲು ಹಾಕಿದ ಲೋಟದಿಂದ ನೀರು ಇಳಿಯುವುದನ್ನು ನೋಡುತ್ತಾ ತುಂಬ ಹೊತ್ತು ಯೋಚಿಸಿದಳು.

"ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನೆನಪಾದ್ರೆ ಹೇಳ್ತೀನಿ."

ಮಾರನೆಯ ದಿನದಿಂದ ಮುದುಕನನ್ನು ಬೆಳಗ್ಗೆ ಸುತ್ತಾಡಿಸುವ ಕೆಲಸ ಕೆಂಡನದು. ಕೂರುವುದನ್ನು ಅವನು ಇನ್ನೂ ಬೇಗ ಎದ್ದು, ಮನೆ ಮಲಗಿರುವಾಗಲೇ ಮುಗಿಸುತ್ತಿದ್ದ. ಮಾವ ಎರಡು ಮಳೆಗಾಲ ಇದ್ದು, ಕೆಂಡನ ಗುರುತು ಹಿಡಿಯದೆಯೇ, ಅದೇ ಮಂಚದ ಮೇಲೆ ತೀರಿಕೊಂಡ. ಭಾವಮೈದ ಬಿಕ್ಕಿ ಬಿಕ್ಕಿ ಅತ್ತ. ಕೆಂಡ ಅಳಲಿಲ್ಲ.

ಹೆಂಡತಿಯನ್ನು ಅವನು ಆಗಾಗ ಕೇಳುತ್ತಾನೆ. ಅವಳು ಬಟ್ಟೆ ಮಡಿಸುವಾಗ, ಬಸ್ಸಿಗೆ ಕಾಯುವಾಗ, ಏನೂ ಇಲ್ಲದ ಹೊತ್ತಿನಲ್ಲಿ. "ನೆನಪಾಯ್ತಾ?" ಅಂತ. "ಇಲ್ಲ" ಅನ್ನುತ್ತಾಳೆ. ಒಂದು ಸಲ ನಕ್ಕು, "ಬಿಟ್ಬಿಡಿ ಅತ್ಲಾಗೆ, ನಾನೇ ಬಿಟ್ಟಿದೀನಿ" ಅಂದಳು. "ನೀನು ಬಿಟ್ರೆ ನಾನು ಯಾಕೆ ಬಿಡ್ಲಿ?" ಅಂತ ಕೆಂಡ ರೇಗಿದ. ರೇಗಿದ್ದು ಅವನಿಗೇ ಗೊತ್ತಾಯಿತು. ಅವಳು ಮಾತ್ರ ಇವತ್ತಿನವರೆಗೂ ಏನು ಬೇಕು ಅಂತ ಹೇಳಿಲ್ಲ, ಅವನಿಗೆ ಆ ಸಾಲ ತೀರಿಸಲು ಆಗಿಲ್ಲ.